ಮೂವತ್ತೊಂದು ಹೆಸರಿನ ಆಯೇರಿ

ಹೋದ ತಿಂಗಳು ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಒಂದೇ ಮೊಬೈಲಿಗೆ ತಲೆ ಹಚ್ಚಿ ಆಟ ಆಡುತ್ತಿದ್ದರು. ಕತ್ತಿಗೆ ಕತ್ತಿ ತಾಗುವ ಸಪ್ಪಳ, ರಕ್ಕಸನ ಗುಟುರು, ಅದರ ನಡುವೆ ಒಮ್ಮೆಲೇ ಒಂದು ದನಿ: "ತಡೀರಿ, ತಡೀರಿ! ಕತ್ತಿ ಕೆಳಗಿಡ್ರಿ! ಆಯೇರಿ ಬಂದೈತಿ!"

ಅದು ದೊಡ್ಡಬಸಪ್ಪ ಮಾಸ್ತರರ ದನಿ. ಅದರ ಬೆನ್ನಿಗೇ ಇನ್ನೊಂದು ದನಿ ಬಂತು. ಫೋನಿನಲ್ಲಿ 'ಕನ್ನಡಕ್ಕಾಗಿ ಒಂದನ್ನು ಒತ್ತಿರಿ' ಅನ್ನುತ್ತದಲ್ಲ, ಅಂಥ ಯಂತ್ರದ ದನಿ. ಅದು ಯಾರ್ಯಾರದೋ ಹೆಸರು ಓದತೊಡಗಿತು. ನನಗೆ ಕೂತಲ್ಲೇ ಮೈ ಉರಿದುಹೋಯಿತು.

"ಬಂದ್ ಮಾಡ್ರಿ ಅದನ್ನ" ಅಂದೆ.

ಒಬ್ಬಳು ಗಾಬರಿಯಾಗಿ ನೋಡಿದಳು. "ಯಾಕ್ರಿ ಆಂಟಿ, ಸೌಂಡ್ ಭಾಳ ಆತೇನ್ರಿ?"

"ಸೌಂಡಲ್ಲ. ಆ ಹೆಸರು ಯಾರವು?"

"ರೊಕ್ಕ ಕೊಟ್ಟವ್ರವು ರೀ. ನಾವು ಕೊಟ್ರ ನಮ್ಮ ಹೆಸರೂ ಕೂಗತಾರ. ನಮ್ಮ ಹಾಸ್ಟೆಲ್‌ನಾಗ ಎಲ್ಲಾರೂ ಆಡ್ತಾರ್ರಿ. ಇದು ಕ್ಲಾಸಿಕ್ ಐತ್ರಿ ಆಂಟಿ, ನಿಮಗ ತಿಳಿಯಂಗಿಲ್ಲ."

ನನಗೆ ತಿಳಿಯುವುದಿಲ್ಲವಂತೆ! ಆ ಆಟದ ಒಂದೊಂದು ಮಾತೂ ಇದೇ ಬೆರಳಿನಿಂದ ಟೈಪಾದದ್ದು. ಅಲ್ಲಿ ಕೂಗಬೇಕಾಗಿದ್ದ ಹೆಸರು ಯಾರವು, ಎಷ್ಟು, ಯಾವ ಕ್ರಮದಲ್ಲಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಪಾಪ, ಆ ಹುಡುಗಿಯರ ಮೇಲೆ ಯಾಕೆ ಸಿಟ್ಟು ಮಾಡಬೇಕು? ಆದರೂ ಮಾಡಿದೆ. ಬಾಯಿಗೆ ಬಂದದ್ದು ಬೈದೆ. ಅವರು ಎದ್ದು ಬೇರೆ ಬೆಂಚಿಗೆ ಹೋದರು.

ನಾಲ್ಕು ವರ್ಷದ ಹಿಂದೆ, ಯುಗಾದಿಯಿಂದ ಸುಗ್ಗಿಯವರೆಗೆ ನಡೆದ ಕತೆ ಇದು. ಆಗ ನಾನು ಗಂಗಾವತಿಯಲ್ಲಿ ಡಿ.ಟಿ.ಪಿ. ಅಂಗಡಿ ನಡೆಸುತ್ತಿದ್ದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿಯ ಫ್ಲೆಕ್ಸು, ಬಯಲಾಟದ ಹ್ಯಾಂಡ್‌ಬಿಲ್ಲು. ಹೆಸರು ಹೊಡೆದು ಹೊಡೆದು ನನಗೆ ಒಂದು ಮಾತು ಖಾತ್ರಿಯಾಗಿತ್ತು: ಮುಹೂರ್ತದ ವೇಳೆ ತಪ್ಪಾಗಿ ಅಚ್ಚಾದರೂ ಜನ ತಡೆದುಕೊಳ್ಳುತ್ತಾರೆ, ಸೋದರಮಾವನ ಹೆಸರು ಬಿಟ್ಟುಹೋದರೆ ತಡೆದುಕೊಳ್ಳುವುದಿಲ್ಲ. ಕನಕಗಿರಿಯ ಒಂದು ಮನೆಯ ಕಾರ್ಡಿನಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿತ್ತು. ಆ ಮನುಷ್ಯ ಮದುವೆಗೂ ಬರಲಿಲ್ಲ, ಮುಂದೆ ಸ್ವಂತ ಅಣ್ಣನ ಮಣ್ಣಿಗೂ ಬರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಗೊತ್ತಿಲ್ಲದೆ ಮಾಡಿದೆ ಅನ್ನುವ ನೆಪ ನನಗಿಲ್ಲ.

ನನ್ನ ಅಂಗಡಿಗೆ ಹೊಂದಿಕೊಂಡು ಇಮ್ತಿಯಾಜನ ಮೊಬೈಲ್ ರಿಪೇರಿ ಅಂಗಡಿ. ನನಗಿಂತ ಹನ್ನೆರಡು ವರ್ಷ ಸಣ್ಣವನು, ಅಕ್ಕಾ ಅನ್ನುತ್ತಿದ್ದ. ಒಡೆದ ಫೋನು ಬಿಚ್ಚಿ ಜೋಡಿಸುತ್ತಲೇ ಪ್ರೋಗ್ರಾಮ್ ಬರೆಯುವುದನ್ನು ತಾನೇ ಕಲಿತಿದ್ದ. ಅವನದು ಒಂದೇ ಹಟ, ಕನ್ನಡದಲ್ಲಿ ಒಂದು ದೊಡ್ಡ ಆಟ ಮಾಡಬೇಕು. ಬರೀ ಓಡುವ, ಹಾರುವ ಆಟವಲ್ಲ. ಆಡುವವರು ಒಂದು ಪಾತ್ರ ಹಿಡಿಯಬೇಕು, ವೀರನೋ ಬೇಟೆಗಾರನೋ ಮಂತ್ರಗಾತಿಯೋ ಆಗಬೇಕು, ಊರೂರು ತಿರುಗಿ ಸಿಕ್ಕವರನ್ನು ಮಾತಾಡಿಸಬೇಕು, ರಕ್ಕಸರ ಕೂಡ ಕಾದಾಡಬೇಕು, ಹಾಗೆ ತಿಂಗಳುಗಟ್ಟಲೆ ಆ ಲೋಕದಲ್ಲಿ ಬದುಕಬೇಕು. ಹೆಸರು 'ಕರಿಗಲ್ಲ ಕೋಟೆ'. ಆನೆಗೊಂದಿ ಕಡೆಯ ಬಂಡೆಗುಡ್ಡಗಳನ್ನು ಫೋನಿನಲ್ಲಿ ಹಿಡಿದು ತಂದು, ಅವುಗಳ ಸಂದಿಯಲ್ಲಿ ಕರಡಿಗಳನ್ನೂ ಕಲ್ಲಿನ ರಕ್ಕಸರನ್ನೂ ಕೂಡಿಸಿದ್ದ. ಎರಡು ವರ್ಷದಿಂದ ಅದನ್ನೇ ತಿದ್ದುತ್ತಿದ್ದ. ಆ ಯುಗಾದಿಗೆ ರಿಪೇರಿ ಕೆಲಸ ಪೂರಾ ನಿಲ್ಲಿಸಿಬಿಟ್ಟ.

"ಅಕ್ಕಾ, ಮಾತು ಬರಿಯಾಕ ನೀವ ಬೇಕು" ಅಂದ. "ಊರ ಮಂದಿ ಮಾತೆಲ್ಲಾ ನಿಮ್ಮ ಅಂಗಡ್ಯಾಗ ಬಂದು ಬೀಳತೈತಿ."

ಹೂಂ ಅಂದೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವನ ಪಕ್ಕ ಕೂತು ಬರೆಯುತ್ತಿದ್ದೆ. ಆ ಬಿಸಿಲು ಯಾರಿಗೂ ಬೇಡ. ಅಕ್ಕಿ ಗಿರಣಿಗಳ ತೌಡಿನ ಧೂಳು ಗಾಳಿಯಲ್ಲೆಲ್ಲ ತುಂಬಿರುತ್ತಿತ್ತು, ಫ್ಯಾನಿನ ಗಾಳಿ ಸಾಲದೆ ಅವನ ಕಂಪ್ಯೂಟರಿನ ಹೊಟ್ಟೆ ಕಾದು ವಾಸನೆ ಬರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ದೊಡ್ಡಬಸಪ್ಪ ಮಾಸ್ತರರು ಹ್ಯಾಂಡ್‌ಬಿಲ್ಲು ಹಾಕಿಸಲು ಬಂದರು. ಹನುಮಸಾಗರದ ಹತ್ತಿರದ ಹಳ್ಳಿಯವರು. ದೊಡ್ಡಾಟ ಅನ್ನುವ ಬಯಲಾಟದಲ್ಲಿ ನಲವತ್ತು ವರ್ಷ ಸಾರಥಿಯ ಪಾತ್ರ ಮಾಡಿದವರು. ಸಾರಥಿ ಅಂದರೆ ಆಟದ ಮೊದಲಿಂದ ಕಡೆಯತನಕ ರಂಗದ ಮೇಲೇ ಇದ್ದು, ಬಂದ ಬಂದ ಪಾತ್ರವನ್ನೆಲ್ಲ ತಡೆದು, ನೀವು ಯಾರು, ಯಾವ ದೇಶ, ಯಾಕೆ ಬಂದಿರಿ ಎಂದು ಕೇಳುವವನು. ಅಕ್ಷರ ಜೋಡಿಸುವತನಕ ಕೂಡ್ರಿ ಅಂದರೆ ಅವರು ಇಮ್ತಿಯಾಜನ ಬೆನ್ನ ಹಿಂದೆ ಹೋಗಿ ನಿಂತರು.

ಆಟದ ಶುರುವಿನಲ್ಲಿ ಇಮ್ತಿಯಾಜ ಒಂದು ಪಟ್ಟಿ ಇಟ್ಟಿದ್ದ. ಹೆಸರು, ಎತ್ತರ, ಬಲ, ಬುದ್ಧಿ, ಹಿಡಿಯುವ ಆಯುಧ, ಒಂದೊಂದನ್ನೂ ತುಂಬಬೇಕು. ಮಾಸ್ತರರು ಬಗ್ಗಿ ನೋಡಿದರು.

"ಇದೇನಪಾ ತಮ್ಮಾ, ರೇಷನ್ ಕಾರ್ಡಿನ ಅರ್ಜಿ ಇದ್ದಂಗೈತಿ! ಪಾತ್ರ ಒಳಗ ಬಂದ್ರ ಒಬ್ಬರರ ಮಾತಾಡಸಬ್ಯಾಡೇನು?"

"ಹೆಂಗ ಮಾತಾಡಸೂದ್ರಿ ಅಜ್ಜಾರ?"

ಅಷ್ಟು ಕೇಳಿದ್ದೇ ತಡ, ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಸುತ್ತಿ ಶುರು ಮಾಡಿದರು. "ಬರಬೇಕು, ಬರಬೇಕು! ಧೂಳ ಎಬ್ಬಿಸಿಕೊಂಡು ಬರೂ ತಾವು ಯಾರು? ತಮ್ಮ ಕೈಯಾಗಿನ ಆಯುಧ ಯಾರ ನೆತ್ತರ ಕುಡಿದೈತಿ? ತಮ್ಮನ್ನ ನೆನಸಿ ಅಳೂ ಜೀವ ಯಾವೂರಾಗ ಐತಿ?" ಅಂಗಡಿಯ ಮುಂದೆ ಹೋಗುತ್ತಿದ್ದವರು ನಿಂತು ನೋಡಿದರು. ಇಮ್ತಿಯಾಜ ಬಾಯಿ ಬಿಟ್ಟು ಕೂತಿದ್ದ. ಆ ಪಟ್ಟಿಯನ್ನು ಅವನು ಅಂದೇ ಅಳಿಸಿ ಹಾಕಿದ. 'ಕರಿಗಲ್ಲ ಕೋಟೆ' ಇವತ್ತಿಗೂ ಹಾಗೇ ಶುರುವಾಗುತ್ತದೆ. ಸಾರಥಿ ಕೇಳುತ್ತಾನೆ, ನೀವು ಹೇಳಿದ ಉತ್ತರದ ಮೇಲೆ ನಿಮ್ಮ ಪಾತ್ರ ಹುಟ್ಟುತ್ತದೆ. ಬೆಂಗಳೂರಿನ ಯಾವನೋ ವಿಮರ್ಶಕ ಅದನ್ನು 'ಕಂಪನಿಯ ಅದ್ಭುತ ಕಲ್ಪನೆ' ಎಂದು ಬರೆದ. ಕಂಪನಿಯದಂತೆ ಕಲ್ಪನೆ! ಅದು ನನ್ನ ಅಂಗಡಿಯ ಮುಂದೆ, ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ ಹುಟ್ಟಿದ್ದು.

ಆಮೇಲೆ ಮಾಸ್ತರರು ವಾರಕ್ಕೊಮ್ಮೆ ಬರತೊಡಗಿದರು. ಆಗ ಇಮ್ತಿಯಾಜನಿಗೆ ಒಂದು ತೊಡಕು ಬಿದ್ದಿತ್ತು. ಯುದ್ಧದ ನಡುವೆ ರಕ್ಕಸ ರೂಪ ಬದಲಿಸುತ್ತಾನೆ. ಆ ಹೊಸ ರೂಪ ಫೋನಿನ ನೆನಪಿಗೆ ಏರಲು ಸುಮಾರು ಅರ್ಧ ನಿಮಿಷ ಬೇಕು. ನಮ್ಮ ಕಡೆಯ ಜನರ ಕೈಯಲ್ಲಿರುವ ಸಾಧಾರಣ ಫೋನುಗಳಲ್ಲಿ ಅಷ್ಟು ಹೊತ್ತು ಆಟ ಕಲ್ಲಾಗಿ ನಿಂತುಬಿಡುತ್ತಿತ್ತು. ಹದಿನೈದು ದಿನ ತಲೆ ಕೆಡಿಸಿಕೊಂಡರೂ ಬಗೆಹರಿಯಲಿಲ್ಲ.

ಮಾಸ್ತರರು ಅದನ್ನು ನೋಡಿ ನಕ್ಕರು. "ನಿಂತ್ರ ನಿಲ್ಲಲಿ ಬಿಡಪಾ. ನಮ್ಮ ಆಟನೂ ನಿಲ್ಲತೈತಿ. ರಾಜ ಕತ್ತಿ ಎತ್ತಿರತಾನ, ಎದುರಿಗೆ ರಕ್ಕಸ ಗದಾ ಎತ್ತಿರತಾನ, ಅಷ್ಟೊತ್ತಿಗೆ ಯಾರೋ ಆಯೇರಿ ತರತಾರ. ಇಬ್ಬರೂ ಆಯುಧ ಕೆಳಗಿಟ್ಟು ಸುಮ್ಮ ನಿಲ್ಲತಾರ. ಸಾರಥಿ ಹೆಸರ ಕೂಗತಾನ. ಕೂಗಿದ ಮ್ಯಾಲ ಮತ್ತ ಕಾದಾಡತಾರ. ಯಾರರ ಎದ್ದು ಹೋಗ್ಯಾರೇನು?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಯಲಾಟ ನಡೆದಾಗ ಊರವರು ಕಲಾವಿದರಿಗೆ ಕೊಡುವ ಟವೆಲ್ಲು, ಕುಬಸ, ಕಾಣಿಕೆ, ಅದಕ್ಕೆ ಆಯೇರಿ ಅನ್ನುತ್ತಾರೆ. ಕೊಟ್ಟವರ ಹೆಸರನ್ನು ಎಲ್ಲರ ಎದುರು ಕೂಗಿ ಹರಸಬೇಕು. ಆಯೇರಿ ತೆಗೆದುಕೊಂಡು ಹೆಸರು ಕೂಗದಿದ್ದರೆ ಅದು ನುಂಗಿದಂತೆ. 'ಆಯೇರಿ ತಿಂದಾನ' ಅನ್ನಿಸಿಕೊಂಡವನನ್ನು ಮುಂದೆ ಯಾವ ಊರೂ ರಂಗ ಹತ್ತಿಸುವುದಿಲ್ಲ.

ಇಮ್ತಿಯಾಜ ಕುಣಿದುಬಿಟ್ಟ. ರೂಪ ಏರುವ ಆ ಅರ್ಧ ನಿಮಿಷಕ್ಕೆ ಆಯೇರಿ! ವೀರ ಕತ್ತಿ ಇಳಿಸುತ್ತಾನೆ, ರಕ್ಕಸ ಬಂಡೆಯ ಮೇಲೆ ಕೂತು ಮೋರೆ ಒರೆಸಿಕೊಳ್ಳುತ್ತಾನೆ, ಸಾರಥಿ ಹೆಸರು ಕೂಗುತ್ತಾನೆ. ಆದರೆ ಯಾರ ಹೆಸರು?

ಅದು ಮೇ ತಿಂಗಳಲ್ಲಿ ಗೊತ್ತಾಯಿತು. ದನಿ ಮುದ್ರಿಸಲು ಮಾಸ್ತರರ ಊರಿಗೆ ಹೋದೆವು. ದೊಡ್ಡಾಟದ ಕಿರೀಟ, ಭುಜಕೀರ್ತಿ ಇಡುವ ತಗಡಿನ ಕೋಣೆಯೇ ನಮ್ಮ ಸ್ಟುಡಿಯೋ. ಒಂದು ಮಾತು ಆಡಿದರೆ ಗೋಡೆಗೆ ಬಡಿದು ನಾಲ್ಕಾಗಿ ಬರುತ್ತಿತ್ತು. ಗೋಡೆಗೆ ದಪ್ಪನೆಯ ಬಟ್ಟೆ ಹೊದಿಸಬೇಕು ಎಂದು ಇಮ್ತಿಯಾಜ ಹೇಳಿದ. ಮಾಸ್ತರರು ಓಣಿಗೆ ಹೋಗಿ ಬಂದರು. ಸ್ವಲ್ಪ ಹೊತ್ತಿಗೆ ಹುಸೇನಬಿ ಅನ್ನುವವರು ತಲೆಯ ಮೇಲೆ ಕೌದಿ ಹೊತ್ತು ಬಂದರು. ಆ ಊರಲ್ಲಿ ಕೌದಿ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಳೆಯ ಸೀರೆ, ಪಂಚೆ ಪದರ ಪದರ ಕೂಡಿಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿದ್ದರು.

"ಮಾಸ್ತರ, ಇದು ಎರವಲ ಅಲ್ಲರಿ, ಆಯೇರಿ" ಅಂದರು. "ವಾಪಸ್ ತರಬ್ಯಾಡ್ರಿ."

ಅವರ ಹಿಂದೆ ಮತ್ತೊಬ್ಬರು, ಅವರ ಹಿಂದೆ ಇನ್ನೊಬ್ಬರು. ಸಂಜೆಯೊಳಗೆ ಮೂವತ್ತೊಂದು ಮನೆಯ ಕೌದಿ ಬಂದವು. ಗೋಡೆ, ಬಾಗಿಲು, ತಗಡಿನ ಒಳಮೈ, ಎಲ್ಲ ಕೌದಿ. ಒಳಗೆ ನಿಂತರೆ ಬೆವರಿನ ಸ್ನಾನ. ಮಾಸ್ತರರು ಅಂಗಿ ತೆಗೆದು, ಒಂದು ತಂಬಿಗೆ ಮಜ್ಜಿಗೆ ಕುಡಿದು, ಮೈಕಿನ ಮುಂದೆ ನಿಂತು ಮೊದಲಿಗೆ ಹೇಳಿದ್ದೇನು ಗೊತ್ತೇ?

"ತಂಗೀ, ಬರಕೋ. ಕೌದಿ ಹೊಲದಾಕಿ ಹೆಸರ ಕೂಗಬೇಕು. ಗಂಡನ ಹೆಸರಲ್ಲ."

ಆಯೇರಿಯಲ್ಲಿ ಯಾವಾಗಲೂ ಮನೆಯ ಯಜಮಾನನ ಹೆಸರೇ ಕೂಗುವುದು. ಹೆಣ್ಣಿನ ಹೆಸರು ಕೂಗಿದ್ದನ್ನು ನಾನಂತೂ ಕೇಳಿಲ್ಲ. ಇಮ್ತಿಯಾಜ, "ಅವರ ಮನ್ಯಾಗ ಸಿಟ್ಟಾಗಂಗಿಲ್ಲೇನ್ರಿ?" ಅಂದ.

"ಅವರ ಗಂಡಂದಿರು ಏನ್ ಹೊಲದಾರಪಾ? ಸೂಜಿ ದಾರ ಪೋಣಸಾಕ ಬರತೈತೇನು ಒಬ್ಬನಿಗರ?"

ಸಾರಥಿ ಆಯೇರಿಯನ್ನು ಚೀಟಿ ನೋಡಿ ಓದಬಾರದಂತೆ. ಮೂವತ್ತೊಂದು ಹೆಸರನ್ನೂ ಕಣ್ಣು ಮುಚ್ಚಿ, ಕೊಟ್ಟ ಕ್ರಮದಲ್ಲೇ, ಒಂದೇ ಓಘದಲ್ಲಿ ಕೂಗಿದರು. "ಹುಸೇನಬಿಯವರಿಂದ ಒಂದು ಕೌದಿ ಆಯೇರಿ! ಅವರ ಮನಿತನ ಹಾಲುಕ್ಕಿದಂಗ ಉಕ್ಕಲಿ!" ಹೀಗೆ ಶುರುವಾಗಿ, ಅವಸರವಿಲ್ಲದೆ, ಒಬ್ಬರನ್ನೂ ನುಂಗದೆ. ರಕ್ಕಸ ರೂಪ ಬದಲಿಸುವ ಒಂದೊಂದು ಸಲಕ್ಕೆ ಐದಾರು ಹೆಸರಿನಂತೆ ಹಂಚಿ ಹಾಕುವುದೆಂದು ಇಮ್ತಿಯಾಜ ಲೆಕ್ಕ ಹಾಕಿದ. ಮುಗಿದ ಮೇಲೆ ಹುಸೇನಬಿಯವರ ಕಿವಿಗೆ ಹೆಡ್‌ಫೋನ್ ಹಚ್ಚಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. "ಯವ್ವಾ! ಇಷ್ಟ್ ಜೋರ ನನ್ನ ಹೆಸರ ಯಾರೂ ಕರದಿಲ್ರಿ" ಅಂದರು. ಮೂವತ್ತೊಂದು ಜನವೂ ಸಾಲಾಗಿ ನಿಂತು ಕೇಳಿಸಿಕೊಂಡರು. ಕೆಲವರು ಎರಡು ಸಲ ಕೇಳಿದರು.

ಮಳೆಗಾಲ ಬಂತು. ಗಂಗಾವತಿ ಪಕ್ಕದ ಶ್ರೀರಾಮನಗರದ ಕಡೆ ಭತ್ತದ ನಾಟಿ ಜೋರಾಗಿದ್ದಾಗ ಬೆಂಗಳೂರಿನ ಕಂಪನಿಯೊಂದರಿಂದ ನಿಖಿಲ್ ಅನ್ನುವವನು ಕಾರಿನಲ್ಲಿ ಬಂದ. ಆಟ ಬಿಡುಗಡೆ ಮಾಡುವ ಕಂಪನಿ. ಕೆಸರಿಗೆ ಹೆದರಿ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಇಮ್ತಿಯಾಜನ ಅಂಗಡಿಯಲ್ಲಿ ಮೂರು ತಾಸು ಆಡಿದ. "ಸೂಪರ್ ಆಗಿದೆ, ಮಣ್ಣಿನ ವಾಸನೆ ಇದೆ" ಅಂದ. ಮಣ್ಣಿನ ವಾಸನೆಯಂತೆ, ಮುಟ್ಟಲಿಕ್ಕೆ ಮಾತ್ರ ಅಸಹ್ಯ! ಅವನು ಇಟ್ಟ ಕಾಗದಕ್ಕೆ ಇಮ್ತಿಯಾಜ ಸಹಿ ಮಾಡಿದ, ನಾನು ಸಾಕ್ಷಿಗೆ ಮಾಡಿದೆ. ಆಟ ಕಂಪನಿಯ ಕೈಗೆ ಹೋಯಿತು.

ದೀಪಾವಳಿಗೆ ಬಿಡುಗಡೆ ಎಂದು ಗೊತ್ತಾಯಿತು. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಕೆಲವರಿಗೆ ಆಡಲು ಕೊಟ್ಟು ನೋಡಿದರಂತೆ. ಆಗ ಇಮ್ತಿಯಾಜ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದ. ನಿಖಿಲ್ ನನಗೆ ಫೋನ್ ಮಾಡಿದ.

"ಮೇಡಮ್, ಒಂದು ಪ್ರಾಬ್ಲಮ್ಮು. ಫೈಟ್ ಮಧ್ಯೆ ಗೇಮ್ ಹ್ಯಾಂಗ್ ಆಗಿ ಯಾರೋ ಒಬ್ಬ ಮುದುಕ ಹೆಸರು ಓದ್ತಾನೆ ಅಂತ ಎಲ್ಲರೂ ಕಂಪ್ಲೇಂಟ್ ಮಾಡಿದ್ದಾರೆ. ಆ ಬಿಟ್ ಪೂರ್ತಿ ತೆಗೀಬೇಕು."

"ಅದು ಹ್ಯಾಂಗ್ ಅಲ್ಲ, ಆಯೇರಿ" ಎಂದು ತಿಳಿಸಿ ಹೇಳಿದೆ. ತೆಗೆದರೂ ಆ ಅರ್ಧ ನಿಮಿಷ ಹೇಗೂ ಕಾಯಲೇಬೇಕಲ್ಲ ಎಂದೂ ಹೇಳಿದೆ.

"ಅಲ್ಲಿ ನಾವು ತಿರುಗೋ ಚಕ್ರ ಹಾಕ್ತೀವಿ ಮೇಡಮ್, ನೀವು ಆಡಿಯೋ ಕತ್ತರಿಸಿ ಕಳಿಸಿ. ಚಕ್ರ ತಿರುಗಿದ್ರೆ ಜನ ಕಾಯ್ತಾರೆ."

ನೋಡಿ, ಇದು ನ್ಯಾಯ! ಸುಮ್ಮನೆ ತಿರುಗುವ ಚಕ್ರವನ್ನು ಮಿಕಿಮಿಕಿ ನೋಡುತ್ತ ಕೂಡುತ್ತಾರಂತೆ, ಹುಸೇನಬಿಯ ಹೆಸರು ಕೇಳಲಾರರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆವತ್ತು ಹೇಳಲಿಲ್ಲ. "ಇವತ್ತು ಸಂಜೆಯೊಳಗೆ ಆಗದಿದ್ರೆ ಬಿಡುಗಡೆ ಕ್ಯಾನ್ಸಲ್, ಮುಂದಿನ ವರ್ಷ ನೋಡೋಣ" ಅಂದ. "ಒಂದೇ ತಿಂಗಳ ಮಟ್ಟಿಗೆ ಮೇಡಮ್, ಆಮೇಲೆ ಅಪ್‌ಡೇಟ್‌ನಲ್ಲಿ ವಾಪಸ್ ಹಾಕೋಣ" ಎಂದೂ ಅಂದ. ಆಸ್ಪತ್ರೆಯ ಮಂಚದ ಮೇಲಿದ್ದ ಇಮ್ತಿಯಾಜ, ಮುಚ್ಚಿದ ಅವನ ಅಂಗಡಿ, ಎರಡೂವರೆ ವರ್ಷದ ದುಡಿಮೆ, ಎಲ್ಲ ಕಣ್ಣ ಮುಂದೆ ಬಂತು. ಅವನನ್ನು ಕೇಳಿದ್ದರೆ ಖಂಡಿತ ಬೇಡ ಅನ್ನುತ್ತಿದ್ದ. ಅದಕ್ಕೇ ಕೇಳಲಿಲ್ಲ.

ದನಿಯ ಫೈಲು ನನ್ನ ಕಂಪ್ಯೂಟರಿನಲ್ಲೇ ಇತ್ತು. ಮೂವತ್ತೊಂದು ಹೆಸರನ್ನೂ ಕತ್ತರಿಸಿ ಕಳಿಸಿದೆ. ಎಲ್ಲವನ್ನೂ ತೆಗೆಯಿರಿ ಎಂದು ಅವನು ಹೇಳಿದ್ದರೂ, "ಕತ್ತಿ ಕೆಳಗಿಡ್ರಿ, ಆಯೇರಿ ಬಂದೈತಿ" ಅನ್ನುವ ಮೊದಲ ಸಾಲನ್ನು ಮಾತ್ರ ಬಿಟ್ಟೆ. ಮಾಸ್ತರರ ದನಿ ಅಷ್ಟಾದರೂ ಅಲ್ಲಿ ಇರಲಿ ಎಂದು. ದೊಡ್ಡ ಉಪಕಾರ ಮಾಡುವವಳ ಹಾಗೆ! ಆ ಸಾಲನ್ನೂ ತೆಗೆದಿದ್ದರೆ ಆಯೇರಿಯ ಸುದ್ದಿಯೇ ಇರುತ್ತಿರಲಿಲ್ಲ. ಈಗ ಆಯೇರಿ ಬಂದಿದೆ ಎಂದು ಸಾರಿ, ಕೊಟ್ಟವರ ಹೆಸರು ನುಂಗಿದಂತಾಯಿತು. ಹೆಸರು ಅಚ್ಚು ಹಾಕಿಯೇ ಹೊಟ್ಟೆ ಹೊರೆದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ. ಥೂ ನನ್ನ ಜಾಣತನಕ್ಕೆ.

ಇಮ್ತಿಯಾಜ ಚೇತರಿಸಿಕೊಂಡು ಬಂದು ಕೇಳಿದ. "ಅಕ್ಕಾ, ಹೆಸರ ಯಾರ ತಗದ್ರು?"

"ಕಂಪನಿಯವ್ರು" ಅಂದೆ. ಅವನು ನಂಬಿದ. ಅಪ್‌ಡೇಟಿನಲ್ಲಿ ಹಾಕಿಸಿಯೇ ತೀರುತ್ತೇನೆ ಎಂದ. ಮಾಸ್ತರರಿಗೆ ನಾನೇ ಹೇಳುತ್ತೇನೆ ಎಂದು ಅವನಿಗೆ ಅಂದಿದ್ದೆ. ಇವತ್ತು, ನಾಳೆ ಅನ್ನುತ್ತ ದಿನ ದೂಡಿದೆ.

ಕಾಲುವೆ ಭಾಗದಲ್ಲಿ ಭತ್ತದ ಕೊಯ್ಲು ನಡೆದಾಗ ಮಾಸ್ತರರೇ ಫೋನ್ ಮಾಡಿದರು. ಊರ ಸಮುದಾಯ ಭವನದಲ್ಲಿ ದೊಡ್ಡ ಟಿ.ವಿ. ಇಟ್ಟು ಆಟ ತೋರಿಸಬೇಕಂತೆ, ಮಂದಿ ಗಂಟುಬಿದ್ದಾರಂತೆ. ಮಧ್ಯಾಹ್ನ ಮೂರಕ್ಕೆ ಹೋದೆವು. ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಮುಂದಿನ ಸಾಲಿನಲ್ಲಿ ಹೆಂಗಸರು. ಆ ಊರಲ್ಲಿ ಹೆಂಗಸರು ಮುಂದೆ ಕೂತದ್ದೇ ಅದು ಮೊದಲಿರಬೇಕು. ಹುಸೇನಬಿ ನಡುವೆ ಕೂತಿದ್ದರು. ಮಾಸ್ತರರು ಹೊಸ ರುಮಾಲು ಸುತ್ತಿದ್ದರು.

ಇಮ್ತಿಯಾಜ ಆಡಿದ. ಸಾರಥಿ "ತಾವು ಯಾರು" ಎಂದು ಕೇಳಿದ್ದಕ್ಕೆ ಭವನವೆಲ್ಲ ಸಿಳ್ಳೆ ಹೊಡೆಯಿತು. ಹಿಂದಿನಿಂದ ಒಬ್ಬ, "ಮಾಸ್ತರ, ಟಿ.ವಿ.ಯಾಗ ನಿಮ್ಮ ದನಿ ಭಾಳ ಛಲೋ ಕೇಳತೈತಿ" ಅಂದ. ಯುದ್ಧ ಬಂತು. "ತಡೀರಿ, ತಡೀರಿ! ಕತ್ತಿ ಕೆಳಗಿಡ್ರಿ! ಆಯೇರಿ ಬಂದೈತಿ!" ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ಸೆಟೆದು ಕೂತರು.

ಚಕ್ರ ತಿರುಗಿತು. ಸಪ್ಪಳವಿಲ್ಲ. ತಿರುಗಿತು, ತಿರುಗಿತು, ರಕ್ಕಸ ಮೇಲೆದ್ದ, ಯುದ್ಧ ಮತ್ತೆ ಶುರುವಾಯಿತು.

ಇಮ್ತಿಯಾಜ ನನ್ನನ್ನು ನೋಡಿದ. ಅವರಿಗೆ ನಾನು ಹೇಳಿದ್ದೇನೆ ಎಂದೇ ಅವನು ತಿಳಿದಿದ್ದ. ಹುಸೇನಬಿ ಎದ್ದು ನಿಂತರು. "ಮಾಸ್ತರ, ಹೆಸರ?"

ಮಾಸ್ತರರೂ ನನ್ನ ಕಡೆ ನೋಡಿದರು. ಆಗ ಹೇಳಬಹುದಿತ್ತು. "ಏನೋ ಮಿಷನ್ ತೊಂದ್ರಿ ಆಗೇತ್ರಿ" ಅಂದೆ. ಒಬ್ಬ ಗಂಡಸು ಜೋರಾಗಿ ನಕ್ಕು, "ಹೆಣ್ಣಮಕ್ಕಳ ಹೆಸರ ಕೂಗಾಕ ಮಿಷನ್ನಿಗೂ ನಾಚಿಕಿ ಬಂತು ನೋಡ್ರಪಾ" ಅಂದ. ಭವನವೆಲ್ಲ ಘೊಳ್ಳೆಂದಿತು. ಮುಂದಿನ ಸಾಲು ಮಾತ್ರ ನಗಲಿಲ್ಲ.

ಮಾಸ್ತರರು ಎದ್ದು ಕೈ ಮುಗಿದರು. "ಮಿಷನ್ ತಪ್ಪಲ್ಲ, ಈ ಹುಡುಗರ ತಪ್ಪೂ ಅಲ್ಲ. ಹೆಸರ ನಾನ ತಪ್ಪಿಸೀನಿ. ಕ್ಷಮಾ ಮಾಡ್ರಿ" ಅಂದರು. ಆಟದಲ್ಲಿ ಏನು ಕೆಟ್ಟರೂ ಅದು ಸಾರಥಿಯ ತಲೆಯ ಮೇಲೆ. ಅವರು ಕಲಿತದ್ದು ಹಾಗೆ. ಯಾರೋ ಹಿಂದಿನಿಂದ, "ಹಂಗಾರ ಆಯೇರಿ ತಿಂದ್ರೇನು?" ಅಂದರು. ಹುಸೇನಬಿ ಹೊರಗೆ ನಡೆದರು. ಅವರ ಹಿಂದೆ ಮುಂದಿನ ಸಾಲೆಲ್ಲ ಎದ್ದುಹೋಯಿತು.

ಎಂಟು ದಿನ ಬಿಟ್ಟು ಹೇಳಿಬಿಡೋಣ ಎಂದು ಮತ್ತೆ ಹೋದೆ. ಮಾಸ್ತರರು ಕೌದಿಗಳನ್ನೆಲ್ಲ ಹಳ್ಳದಲ್ಲಿ ಒಗೆದು, ಒಣಗಿಸಿ, ಮಡಚಿ, ಮನೆ ಮನೆಗೆ ತಿರುಗಿ ಕೊಡುತ್ತಿದ್ದರು. ಕೊಟ್ಟ ಆಯೇರಿಯನ್ನು ಮರಳಿ ಒಯ್ದು ಕೊಡುವುದೆಂದರೆ ತನ್ನ ಕೈಯಿಂದಲೇ ತನ್ನ ಮೋರೆಗೆ ಮಸಿ ಬಳಿದುಕೊಂಡಂತೆ. ನಾನೂ ನಾಲ್ಕು ಕೌದಿ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆದೆ. ಪ್ರತಿ ಬಾಗಿಲಲ್ಲೂ "ತಪ್ಪು ನಂದವ್ವಾ" ಅಂದರು. ಪ್ರತಿ ಬಾಗಿಲಲ್ಲೂ ನಾನು ಪಕ್ಕದಲ್ಲಿ ನಿಂತಿದ್ದೆ, ಕೌದಿ ಹೊತ್ತುಕೊಂಡು, ಬಾಯಿ ಮುಚ್ಚಿಕೊಂಡು. ಹುಸೇನಬಿ ಬಾಗಿಲನ್ನೇ ತೆರೆಯಲಿಲ್ಲ. ಅವರ ಕೌದಿಯನ್ನು ಕಟ್ಟೆಯ ಮೇಲಿಟ್ಟು ಬಂದೆವು.

ಮುಂದಿನ ವರ್ಷ ಆ ಊರ ದೊಡ್ಡಾಟದ ಹ್ಯಾಂಡ್‌ಬಿಲ್ಲು ನನ್ನ ಅಂಗಡಿಗೇ ಬಂತು. ಸಾರಥಿ ಎಂದು ಬೇರೆಯವರ ಹೆಸರಿತ್ತು. ಅಕ್ಷರ ಜೋಡಿಸಿ ಅಚ್ಚು ಹಾಕಿಕೊಟ್ಟೆ.

ಇತ್ತ ಆಟ ಬೆಳೆದದ್ದೇ ಬೆಳೆದದ್ದು. ಹಾಸ್ಟೆಲುಗಳಲ್ಲಿ, ಪಿ.ಜಿ.ಗಳಲ್ಲಿ, ದುಬೈಯಲ್ಲಿ. 'ಕತ್ತಿ ಕೆಳಗಿಡ್ರಿ' ಟೀ ಶರ್ಟಿನ ಮೇಲೆ ಬಂತು. ಮಾಸ್ತರರನ್ನು ಯಾವನೋ 'ಅನಾಮಧೇಯ ಹಳ್ಳಿ ಕಾಮಿಡಿಯನ್' ಎಂದು ಬರೆದ. ಅನಾಮಧೇಯ! ಪ್ರತಿ ಪಾತ್ರಕ್ಕೂ ಹೆಸರೇನು ಎಂದು ಕೇಳುವವನಿಗೇ ಹೆಸರಿಲ್ಲ. ಆಮೇಲೆ ಬಿಡುಗಡೆಗೆ ಮುಂಚಿನ ಆಟದ ಒಂದು ಪ್ರತಿ ಯಾರ ಕೈಗೋ ಸಿಕ್ಕಿತು. ಮೂವತ್ತೊಂದು ಹೆಸರು ಕೇಳಿ ಜನ ಹುಚ್ಚೆದ್ದು ಮೆಚ್ಚಿಕೊಂಡರು. ಮೊದಲು ಹ್ಯಾಂಗ್ ಅಂದವರೇ ಈಗ ಕಲೆ ಅಂದರು. ಇನ್ನಾದರೂ ಹೆಸರು ವಾಪಸ್ ಬರುತ್ತವೆ ಅಂದುಕೊಂಡೆ. ಕಂಪನಿ ಏನು ಮಾಡಿತು? ಜಾಗ ಖಾಲಿ ಇದೆ, ರೊಕ್ಕ ಕೊಟ್ಟವರ ಹೆಸರು ಕೂಗುತ್ತೇವೆ ಅಂದಿತು. ಇಮ್ತಿಯಾಜ ಬೆಂಗಳೂರಿಗೆ ಹೋಗಿ ಕೂಗಾಡಿದ. ಸಹಿ ಮಾಡಿದ ಕಾಗದ ತೋರಿಸಿ ಹೊರಗೆ ಕಳಿಸಿದರು. ಈಗ ಮತ್ತೆ ಗಂಗಾವತಿಯಲ್ಲಿ ಫೋನು ಬಿಚ್ಚುತ್ತಿದ್ದಾನೆ. ಹೆಸರು ತೆಗೆದವಳು ನಾನು ಎಂದು ಅವನಿಗೂ ನಾನು ಹೇಳಿದ್ದು ಹೋದ ತಿಂಗಳು, ಆ ಕೊಪ್ಪಳದ ಬಸ್‌ಸ್ಟ್ಯಾಂಡಿನಿಂದಲೇ, ಫೋನಿನಲ್ಲಿ. ಅವನು ಫೋನು ಇಟ್ಟುಬಿಟ್ಟ.

ಅಂದು ನನಗೆ ಕುಷ್ಟಗಿಯಲ್ಲಿ ಬೇರೆ ಕೆಲಸವಿತ್ತು. ಅದನ್ನು ಬಿಟ್ಟು ಹನುಮಸಾಗರದ ಬಸ್ಸು ಹತ್ತಿ ಮಾಸ್ತರರ ಊರಿಗೆ ಹೋದೆ. ಅವರು ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ದೃಷ್ಟಿ ಮಂದವಾಗಿದೆ, ದನಿ ಮಾತ್ರ ಹಾಗೇ ಇದೆ.

"ಬಾ ತಂಗೀ, ಭಾಳ ದಿನಕ್ಕ ಬಂದಿ. ನೀರ ಕುಡಿ."

ನೀರು ಮುಟ್ಟದೆ ನಿಂತೇ ಹೇಳಿದೆ. ಯಾರು ಫೋನ್ ಮಾಡಿದ್ದು, ನಾನು ಏನು ಕತ್ತರಿಸಿದ್ದು, ಯಾವ ಸಾಲು ಉಳಿಸಿದ್ದು, ಭವನದಲ್ಲಿ ಯಾಕೆ ಸುಮ್ಮನಿದ್ದದ್ದು. ಅವರು ಮೊರವನ್ನು ಕೆಳಗಿಟ್ಟರು. ಹೋಗಲಿ ಬಿಡು ತಂಗೀ ಅನ್ನುತ್ತಾರೆ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಕಾಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

"ಮನಿ ಮನಿಗೆ ನನ್ನ ಹಿಂದ ಬಂದ್ರಲ್ರೀ ಮೇಡಮ್ಮಾರ" ಅಂದರು. ಅವರ ಬಾಯಿಂದ ಆ 'ಮೇಡಮ್ಮಾರ' ಮೊದಲ ಸಲ ಕೇಳಿದೆ. "ಕೌದಿ ಹೊತಗೊಂಡು ಬಂದ್ರಿ. ನಾ ತಪ್ಪು ನಂದು ನಂದು ಅಂತ ಮೂವತ್ತೊಂದು ಸಲ ಅಂದೆ. ನಿಮ್ಮ ಕಿವಿಗೆ ಬೀಳಲಿಲ್ಲೇನ್ರಿ?"

"ಬಿತ್ರಿ."

"ಸಾರಥಿ ತಪ್ಪ ಹೊರತಾನ, ಹೌದು. ಕಳ್ಳತನಾ ಹೊರೂದಿಲ್ಲ." ದನಿ ಏರಿತು. "ನಾಲ್ಕು ವರ್ಷಾತು, ಗೆಜ್ಜಿ ಗೂಟಕ್ಕ ತೂಗಬಿದ್ದಾವ. ಈ ಓಣ್ಯಾಗ ಒಬ್ಬಾಕಿ ನನ್ನ ಮಾತಾಡಸಂಗಿಲ್ಲ. ನನ್ನ ಮುಂದ ಹೇಳಿ ಹಗುರ ಆಗಾಕ ಬಂದೀರೇನು? ನನಗ್ಯಾಕ ಹೇಳ್ತೀರಿ? ಹೋಗ್ರಿ, ಆ ಮೂವತ್ತೊಂದು ಮನಿಗೆ ಹೋಗಿ ಹೇಳ್ರಿ. ಏಳ್ರಿ!"

ನಿಂತೇ ಇದ್ದವಳಿಗೆ ಏಳ್ರಿ ಅಂದರು. ಹೊರಗೆ ಬಂದೆ.

ಮೊದಲ ಮನೆ ಹುಸೇನಬಿಯವರದು. ಅವರು ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನನ್ನ ಗುರುತು ಹಿಡಿದರೂ ಬರ್ರಿ ಅನ್ನಲಿಲ್ಲ. ಅಂಗಳದಲ್ಲೇ ನಿಂತು ಹೇಳಿದೆ. "ನಿಮ್ಮ ಹೆಸರ ಮಾಸ್ತರ ತಪ್ಪಿಸಿಲ್ರಿ. ಎಲ್ಲಾರಕ್ಕಿಂತ ಮೊದಲ ನಿಮ್ಮ ಹೆಸರ ಕೂಗಿದ್ರು, ನೀವ ಕಿವ್ಯಾರೆ ಕೇಳೀರಿ. ಅದನ್ನ ತಗದಾಕಿ ನಾನು."

"ನೀವು?"

"ನಾನ್ರಿ. ಗೊತ್ತಿದ್ದ ತಗದೆ."

ಅವರು ಬೈದಿದ್ದರೆ ಚೆನ್ನಾಗಿತ್ತು. ಮಡಿಲಿನ ಸಿಪ್ಪೆ ಕೊಡವಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡರು. ಬಾಗಿಲನ್ನು ಹಾಗೇ ತೆರೆದುಬಿಟ್ಟು, ಕಾಲಿಗೆ ಚಪ್ಪಲಿಯನ್ನೂ ಹಾಕದೆ, ನನ್ನನ್ನು ದಾಟಿಕೊಂಡು ಮಾಸ್ತರರ ಮನೆಯ ಕಡೆ ಲಗುಲಗು ನಡೆದರು.

ನಾನು ಎರಡನೆಯ ಮನೆಯ ಬಾಗಿಲು ಬಡಿದೆ.